ಚಕ್ಕಿನೊಳಗಿನ ಚಕ್ಕುಲಿ

ದೀಪಾವಳಿಗೆ ಎರಡು ದಿನ ಮುಂಚೆ ನಮ್ಮ ಮನೆಯ ನೆಲದ ಮೇಲೆ ಎರಡು ಹಳೇ ಪತ್ರಿಕೆ ಹಾಸಿದ್ದವು. ಒಂದರ ಮೇಲೆ ನನ್ನಾಕೆ ಚಕ್ಕುಲಿ ಒತ್ತುತ್ತಿದ್ದಳು. ಇನ್ನೊಂದರ ಮೇಲೆ ನಾನು ಮರ ಕಡೆಯುವ ಲೇತಿನ ಚಕ್ಕು ಬಿಚ್ಚಿಟ್ಟುಕೊಂಡು ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದೆ. ಹಿಂದಿನ ತಟ್ಟೆ ತೆಗೆದರೆ ಒಳಗೊಂದು ಉಕ್ಕಿನ ಬಿಲ್ಲೆ, ಅದರ ಮೈಮೇಲೆ ನಡುವಿನಿಂದ ಅಂಚಿನವರೆಗೆ ಸುತ್ತುತ್ತ ಹೋದ ಸುರುಳಿ. ಅವಳು ಕತ್ತು ಚಾಚಿ ನೋಡಿ, "ನಿಮ್ಮದೂ ಚಕ್ಕುಲೀನೇ ಬಿಡ್ರೀ, ಮುಳ್ಳೊಂದು ಇಲ್ಲ ಅಷ್ಟೆ" ಅಂದಳು.

ಮೂವತ್ತಾರು ವರ್ಷ ಲೇತಿನ ಮುಂದೆ ನಿಂತವನಿಗೆ ಈ ಹೋಲಿಕೆ ಹೊಳೆದಿರಲಿಲ್ಲ. ಆ ಸುರುಳಿಯೇ ಚಕ್ಕಿನ ಜೀವ. ಕೀಲಿ ತಿರುಗಿಸಿದರೆ ಬಿಲ್ಲೆ ತಿರುಗುತ್ತದೆ. ಸುರುಳಿಯ ಗೆರೆಗಳಲ್ಲಿ ಹಲ್ಲೂರಿ ನಿಂತ ನಾಲ್ಕು ದವಡೆಗಳು ಒಂದೇ ಸಮನೆ ನಡುವಿಗೆ ಸರಿದು ಮರವನ್ನು ಕಚ್ಚುತ್ತವೆ. ಶಾಪಿನ ಮಾತಿನಲ್ಲಿ ಇವು 'ಜಾ'. ಒಂದೊಂದರ ಮೇಲೂ 1ರಿಂದ 4ರವರೆಗೆ ಅಂಕಿ ಕೊರೆದಿರುತ್ತದೆ. ಸುರುಳಿಯ ಬಾಯಿ ಯಾವ ಸಂದಿಗೆ ಬಂದಿದೆಯೋ ಆ ಅಂಕಿಯ ದವಡೆಯನ್ನೇ ಅಲ್ಲಿ ತೂರಿಸಬೇಕು. 2 ಹೋಗಬೇಕಾದಲ್ಲಿ 3 ಹೋಯಿತೋ, ನಾಲ್ಕೂ ಕೂಡುವ ಬಿಂದು ನಡುವಿನಿಂದ ಆಚೆ ಸರಿದು, ಕಚ್ಚಿಸಿದ ಮರ ಕುಡಿದವನ ಹಾಗೆ ಓಲಾಡುತ್ತದೆ.

ನಾನಿರುವುದು ದೇಹೂ ರೋಡಿನಲ್ಲಿ. ತುಕಾರಾಮರ ದೇಹೂ ಇರುವುದು ಇಂದ್ರಾಯಣಿಯ ದಂಡೆಯ ಮೇಲೆ. ನಮ್ಮದು ಆ ಊರಿಗೆ ಇಳಿದು ಹೋಗುವ ಸ್ಟೇಷನ್ನು, ದಂಡಿನ ಪ್ರದೇಶ, ಹಳೇ ಮುಂಬೈ–ಪುಣೆ ರಸ್ತೆ. ಹುಟ್ಟಿದೂರು ಹರಿಹರ. 1978ರಲ್ಲಿ ಕೆಲಸಕ್ಕೆಂದು ಪಿಂಪ್ರಿಗೆ ಹೊರಟಾಗ ಹರಿಹರದಿಂದ ಮೀಟರ್‌ಗೇಜ್ ಗಾಡಿ ಮೀರಜಿಗೆ ತಂದು ಬಿಟ್ಟಿತು. ಅಲ್ಲಿಂದಾಚೆ ಹಳಿ ಅಗಲ. 1,000 ಮಿಲಿಮೀಟರಿನದು ಮುಗಿದು 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಶುರು. ಟ್ರಂಕು, ಹಾಸಿಗೆ ಸುರುಳಿ, ಅವ್ವ ಕಟ್ಟಿದ ರೊಟ್ಟಿ ಗಂಟು ಎಲ್ಲ ಹೊತ್ತು ಪ್ಲಾಟ್‌ಫಾರಂ ದಾಟಿ ಇನ್ನೊಂದು ಗಾಡಿ ಹಿಡಿದೆ. ಈ ಮೀರಜಿನ ಮಾತು ಮುಂದೆ ಮತ್ತೆ ಬರುತ್ತದೆ.

ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರ್. 1941ರಲ್ಲಿ, ಯುದ್ಧದ ನಡುವೆ, ತುಂಗಭದ್ರೆಯ ದಡದಲ್ಲಿ ಶುರುವಾದ ಆ ಕಾರ್ಖಾನೆ ಮಾಡುತ್ತಿದ್ದದ್ದು ಲೇತು. ಎರಕದ ಬೆಡ್ಡಿಗೆ ನೀಲಿ ಬಣ್ಣ ಹಚ್ಚಿ, ಉಬ್ಬು ಎಲ್ಲಿದೆಯೆಂದು ನೋಡಿ, ಕೈಯಲ್ಲೇ ಸ್ಕ್ರೇಪರ್ ಹಿಡಿದು ಕೂದಲೆಳೆಯಷ್ಟು ಕಬ್ಬಿಣ ಕೆರೆದು ಸಮ ಮಾಡುವುದು ಅಪ್ಪನ ಕೆಲಸ. ಭಾನುವಾರ ನನ್ನನ್ನು ಹರಿಹರೇಶ್ವರ ಗುಡಿಗೆ ಕರೆದೊಯ್ಯುತ್ತಿದ್ದ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ದೇವರಿಗೆ ಕೈಮುಗಿದು ಮುಗಿಸಿದ ಮೇಲೆ ಅಪ್ಪ ಮಂಟಪದ ಕಂಬದ ಮುಂದೆ ಕೂತು ಅದರ ಗಂಟುಗಳ ಮೇಲೆ ಉಗುರಾಡಿಸುತ್ತಿದ್ದ. ಒಂದರ ಕೆಳಗೊಂದು ಬಳೆ ಜೋಡಿಸಿದ ಹಾಗೆ ಗೆರೆ. "ಕಡೆದದ್ದು ನೋಡು ತಮ್ಮಾ. ಇಷ್ಟು ಭಾರದ ಕಲ್ಲನ್ನ ಹಿಡಿದಿದ್ದು ಹೆಂಗೆ, ಅದನ್ನ ಹೇಳು ಮೊದಲು" ಅನ್ನುತ್ತಿದ್ದ. ಉಳಿ ಹರಿತವಾಗಿರಬೇಕು, ಕೈ ಗಟ್ಟಿಯಿರಬೇಕು ಎಂದೆಲ್ಲ ಬೇರೆಯವರು ಕಲಿಸುತ್ತಾರೆ. ಅಪ್ಪನಿಗೆ ಮೊದಲ ಪ್ರಶ್ನೆ ಯಾವಾಗಲೂ ಹಿಡಿತದ್ದೇ.

'ಕಡೆ' ಎಂಬ ಈ ಕ್ರಿಯಾಪದವನ್ನು ಸ್ವಲ್ಪ ನಿಂತು ನೋಡಬೇಕು. ಮಜ್ಜಿಗೆ ಕಡೆಯುವುದೂ ಅದೇ, ಕಂಬ ಕಡೆಯುವುದೂ ಅದೇ. ಕಿಟೆಲ್ಲರ 1894ರ ನಿಘಂಟಿನಲ್ಲೂ ಎರಡು ಅರ್ಥ ಒಟ್ಟಿಗಿವೆ, ತಮಿಳಿನ 'ಕಡೈ'ಗೂ ಎರಡೂ ಉಂಟು. ಕಡಗೋಲಿಗೆ ಹಗ್ಗ ಸುತ್ತಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಎಳೆಯುವುದನ್ನು ನೆನೆಸಿಕೊಳ್ಳಿ. ಹಳೇ ಕಾಲದ ಬಿಲ್ಲಿನ ಲೇತು ನಡೆಯುತ್ತಿದ್ದದ್ದೂ ಹೀಗೇ. ಎರಡು ಮೊಳೆಗಳ ನಡುವೆ ಮರದ ತುಂಡು ಸಿಕ್ಕಿಸಿ, ಅದಕ್ಕೆ ಬಿಲ್ಲಿನ ಹಗ್ಗ ಒಂದು ಸುತ್ತು ಹಾಕಿ, ಒಂದು ಕೈಯಲ್ಲಿ ಬಿಲ್ಲು ಆಡಿಸುತ್ತ ಇನ್ನೊಂದು ಕೈಯಲ್ಲಿ ಉಳಿ ಹಿಡಿಯುವುದು. ಮರ ಮುಂದಕ್ಕೆ ತಿರುಗಿದಾಗ ಉಳಿ ಕೊಡಬೇಕು, ಹಿಂದಕ್ಕೆ ತಿರುಗುವಾಗ ತುಸು ತೆಗೆಯಬೇಕು. ಅವ್ವನ ಕಡಗೋಲನ್ನೂ ಯಾರೋ ಹೀಗೆ ಕಡೆದೇ ಮಾಡಿದ್ದು ಎಂದು ಗೊತ್ತಾದಾಗ ನನಗೆ ಎಂಟೋ ಒಂಬತ್ತೋ ವರ್ಷ. ಆ ದಿನ ಮಜ್ಜಿಗೆ ನೋಡಿದ ರೀತಿಯೇ ಬೇರೆ.

ಎರಡು ಮೊಳೆಯ ನಡುವಿನ ಕೆಲಸಕ್ಕೆ ಚಕ್ಕು ಬೇಡ. ಲಟ್ಟಣಿಗೆ, ತೊಟ್ಟಿಲ ಕಂಬ, ಮಂಚದ ಕಾಲು, ದೇಹೂ ಆಳಂದಿಗಳ ಅಂಗಡಿಯಲ್ಲಿ ತೂಗುವ ಜಪಮಾಲೆಯ ಮಣಿ, ಯಾವುದಕ್ಕೂ ಬೇಡ. ಬಟ್ಟಲು ಕೊರೆಯಬೇಕೆಂದಾಗ ಒಂದು ತುದಿ ಖಾಲಿ ಬಿಡಬೇಕಾಗುತ್ತದೆ. ಆಗ ಉಳಿದ ಒಂದೇ ತುದಿಯನ್ನು ಹಿಡಿಯುವ ಕೈ ಬೇಕು. ಚಕ್ಕು ಎಂದರೆ ಆ ಕೈ.

2009ರಲ್ಲಿ ಚನ್ನಪಟ್ಟಣಕ್ಕೆ ಹೋಗಿದ್ದೆ. ಟಿಪ್ಪು ಕಾಲದಲ್ಲಿ ಪರ್ಶಿಯಾದವರು ಬಂದು ಕಲಿಸಿದರು ಎಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲಿದೆ. ಜಪಾನಿನ ತಂತ್ರವನ್ನು ಅಳವಡಿಸಿದ ಬಾವಾಸ್ ಮಿಯಾನ್‌ರನ್ನು ಕಸುಬಿನ ಪಿತಾಮಹ ಅನ್ನುತ್ತಾರೆ. ಬೊಂಬೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ನನಗೆ ಬೇಕಿದ್ದದ್ದು ಲೇತಿನ ಮೂತಿ ಮಾತ್ರ. ಒಬ್ಬ ಹಿರಿಯರ ಶೆಡ್ಡಿನಲ್ಲಿ ಕೂತೆ. ಮೋಟಾರಿಗೆ ಬೆಲ್ಟು ಹಾಕಿದ ಲೇತು, ಅದರ ಮೂತಿಗೆ ಒಂದು ಕಬ್ಬಿಣದ ಬಟ್ಟಲು. ಆಲೆ ಮರದ ತುಂಡಿನ ತುದಿಯನ್ನು ಮಚ್ಚಿನಲ್ಲಿ ಸ್ವಲ್ಪ ಸವರಿ, ಬಟ್ಟಲೊಳಗೆ ಇಟ್ಟು, ಸುತ್ತಿಗೆಯಲ್ಲಿ ಎರಡೇಟು. ಕೂತಿತು. ತಿರುಗಿಸಿದರೆ ಓಲಾಟವಿಲ್ಲ. ಉಳಿ ಹಿಡಿದು ಕಡೆದರು, ಅರಗಿನ ಕಡ್ಡಿ ಒತ್ತಿದರು, ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಹರಡಿತು, ತಾಳೆಗರಿ ಒತ್ತಿದಾಗ ಕನ್ನಡಿಯ ಹೊಳಪು. ಕತ್ತರಿಸಿದರು. ಬಟ್ಟಲಲ್ಲಿ ಉಳಿದ ಮೋಟನ್ನು ಹಿಂದಿನಿಂದ ಕುಟ್ಟಿ ತೆಗೆದರು. ಒಂದು ಬುಗುರಿಗೆ ಬೇಕಾದದ್ದು ನಾಲ್ಕೈದು ನಿಮಿಷ.

ನನ್ನ ಚೀಲದಲ್ಲಿ ಹೊರದೇಶದ ನಾಲ್ಕು ದವಡೆಯ ಚಕ್ಕಿತ್ತು. ಜಂಬದಿಂದಲೇ ತೆಗೆದು ತೋರಿಸಿದೆ. ಅವರು ಕೈಯಲ್ಲಿ ಹಿಡಿದು ತೂಗಿ ನೋಡಿ, ಕೀಲಿ ತಿರುಗಿಸಿ ದವಡೆಗಳು ಕೂಡುವುದನ್ನು ನೋಡಿ, "ಚೆನ್ನಾಗಿದೆ ಸಾರ್. ಕೀಲಿ ತಿರುಗಿಸೋ ಹೊತ್ತಿಗೆ ನಾನೊಂದು ಬುಗುರಿ ಇಳಿಸ್ತೀನಿ" ಅಂದರು. ಬಟ್ಟಲು ಸವೆದರೆ ಏನು ಮಾಡುತ್ತೀರಿ ಎಂದೆ. ಸವೆದರೆ ಒಳಗೆ ಇನ್ನೊಮ್ಮೆ ಕೊರೆಸುವುದು. ತುಂಬ ದೊಡ್ಡದಾದರೆ ದಪ್ಪ ಮರಕ್ಕೆ ಇಟ್ಟುಕೊಂಡು ಸಣ್ಣದಕ್ಕೆ ಹೊಸದು ಮಾಡಿಸುವುದು. ಹಳೆಯದು ಎಂದರೆ ದೊಡ್ಡ ಸೈಜು, ಅಷ್ಟೆ. ಚಕ್ಕಿನ ಹೊಸ ಮಾಡೆಲ್ಲು ಬಂದಿದೆ ಎಂಬ ವಾಕ್ಯಕ್ಕೆ ಆ ಶೆಡ್ಡಿನಲ್ಲಿ ಅರ್ಥವಿರಲಿಲ್ಲ.

ಲಂಡನ್ನಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಹೋಲ್ಟ್ಸಾಫೆಲ್ ಮನೆತನ 18ನೇ ಶತಮಾನದ ಕೊನೆಯಿಂದ ಅಲ್ಲಿ ಶ್ರೀಮಂತರಿಗಾಗಿ ಅಲಂಕಾರದ ಲೇತು ಮಾಡಿ ಮಾರುತ್ತಿತ್ತು. ಅವರೇ ಬರೆದ ದಪ್ಪ ದಪ್ಪ ಸಂಪುಟಗಳಲ್ಲಿ ಮರದ ಚಕ್ಕುಗಳಿಗೆ ಪುಟಗಟ್ಟಲೆ ಜಾಗ. ಕೆಲಸ ಬಂದ ಹಾಗೆ ಕಡೆಯುವವನೇ ಒಂದು ಮರದ ಬಟ್ಟಲು ಕಡೆದುಕೊಂಡು, ಅದರಲ್ಲಿ ಕೆಲಸ ಕೂರಿಸಿ, ಮುಗಿದ ಮೇಲೆ ಗೋಡೆಗೆ ತೂಗುಹಾಕುವುದು. ಚಕ್ಕನ್ನು ಅಂಗಡಿಯಲ್ಲಿ ಕೊಳ್ಳುವ ಸರಕು ಮಾಡಿದವರು ಅಮೆರಿಕದ ಕಬ್ಬಿಣದವರು. ಕನೆಕ್ಟಿಕಟ್‌ನ ಸೈಮನ್ ಫೇರ್‌ಮನ್ 1840ರಲ್ಲಿ ಲೇತಿನ ಚಕ್ಕಿಗೆ ಪೇಟೆಂಟ್ ಪಡೆದ. ಅವನ ಅಳಿಯ ಆಸ್ಟಿನ್ ಕುಶ್ಮನ್ ಅದನ್ನು ಬೆಳೆಸಿ ತನ್ನ ಹೆಸರಲ್ಲೇ ಮಾರಿದ. ಮಾವ ಹಾಕಿದ ಹಿಟ್ಟಿನಲ್ಲಿ ಅಳಿಯ ಚಕ್ಕುಲಿ ಕರಿದ ಅನ್ನಬಹುದು.

ಮಾರುವ ಸರಕಾದ ಕೂಡಲೇ ಹೊಸ ತಾಪತ್ರಯ ಹುಟ್ಟಿತು: ಒಬ್ಬನ ಚಕ್ಕು ಇನ್ನೊಬ್ಬನ ಲೇತಿನ ಮೂತಿಗೆ ಕೂರಬೇಕು. ಕೂರಿಸುವುದು ಥ್ರೆಡ್. ಹರಿಹರದಲ್ಲಿ ನಾವು ಚೂಡಿ ಅನ್ನುತ್ತಿದ್ದೆವು, ಪಿಂಪ್ರಿಯ ಶಾಪುಗಳಲ್ಲಿ ಮರಾಠಿಯ 'ಆಟೆ'. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಒಂದೇ ಥ್ರೆಡ್ ಇರಲಿ ಎಂದು ಲೆಕ್ಕ ಕೊಟ್ಟ, ಹಲ್ಲಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ಇಲ್ಲ, 60 ಇರಲಿ ಅಂದ. ಇದರಲ್ಲೊಂದು ಕುಚೋದ್ಯವಿದೆ. ಅರ್ಧ ಇಂಚಿನ ಬೋಲ್ಟಿಗೆ ವಿಟ್‌ವರ್ತ್‌ನದು ಇಂಚಿಗೆ 12 ಸುತ್ತು, ಅಮೆರಿಕದ್ದು 13. ತಪ್ಪಿ ಹಾಕಿದರೆ ಎರಡನೇ ಸುತ್ತಿಗೇ ಹಿಡಿದುಕೊಂಡು ತಪ್ಪು ಗೊತ್ತಾಗುತ್ತದೆ. ಒಂದು ಇಂಚಿಗೆ ಬಂದರೆ ಇಬ್ಬರದೂ 8. ಸಣ್ಣ ಮರದ ಲೇತುಗಳ ಮೂತಿ ಹೆಚ್ಚಾಗಿ ಇದೇ ಒಂದು ಇಂಚು, ಎಂಟು ಸುತ್ತು. ಅಳತೆ ಒಂದೇ, ಹಲ್ಲಿನ ಆಕಾರ ಬೇರೆ. ಸಂಬಂಧ ಕುದುರಿದ ಮೇಲೆ ಗೋತ್ರ ಗೊತ್ತಾದ ಹಾಗೆ.

ನನಗೆ ಆದದ್ದು ಅದೇ. 1998ರಲ್ಲಿ ಪುಣೆಯ ಜುನಾ ಬಜಾರಿನಲ್ಲಿ, ಒಂದು ಭಾನುವಾರ, ನಮ್ಮ ದೇಶದ್ದೇ ಎರಕದ ಸಣ್ಣ ಮರದ ಲೇತು ಸಿಕ್ಕಿತು; ಮೂತಿ ಒಂದು ಇಂಚು, ವಿಟ್‌ವರ್ತ್. 2006ರಲ್ಲಿ ಹೆಂಡತಿಯ ಅಣ್ಣನ ಮಗ ಹೊರದೇಶದಿಂದ ಬರುವಾಗ ನಾಲ್ಕು ದವಡೆಯ ಚಕ್ಕು ತಂದುಕೊಟ್ಟ. ಅದರ ಬೆನ್ನಿನಲ್ಲೇ ಕೊರೆದ ಥ್ರೆಡ್ಡು, ಒಂದು ಇಂಚು, ಅಮೆರಿಕದ್ದು. ಕೊನೇ ಎರಡು ಸುತ್ತು ಬಿಗಿ. ಟ್ಯಾಪು ಹಾಕಿ ಸವರಿ ಕೂರಿಸಿಕೊಂಡೆ. ಬೈಕೊಂಡದ್ದೂ ಉಂಟು.

ಇಂಥ ಚಕ್ಕು ಮರದವರಿಗೆ ಬಂದದ್ದು ತೀರಾ ಈಚೆಗೆ. ಕಬ್ಬಿಣದವರು ನೂರೈವತ್ತು ವರ್ಷ ಸುರುಳಿ ಚಕ್ಕು ಬಳಸಿದರೂ ಮರದವರು ಬಟ್ಟಲನ್ನೋ ಸ್ಕ್ರೂ ಹೊಡೆಯುವ ತಟ್ಟೆಯನ್ನೋ ನೆಚ್ಚಿಕೊಂಡೇ ಇದ್ದರು. ದಿನಕ್ಕೆ ಇನ್ನೂರು ಮಂಚದ ಕಾಲು ಇಳಿಸುವವನಿಗೆ ನೂರು ಬಗೆ ಹಿಡಿಯುವ ಸಾಧನ ಏಕೆ ಬೇಕು? ಬೇಕಾದದ್ದು ನನ್ನಂಥ ನಿವೃತ್ತರಿಗೆ, ಹವ್ಯಾಸದವರಿಗೆ: ಇಂದು ಬಟ್ಟಲು, ನಾಳೆ ಕುಂಕುಮದ ಭರಣಿ, ನಾಡಿದ್ದು ಮೊಮ್ಮಗಳ ಬುಗುರಿ. 1980ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನ ಟೆಕ್ನಾಟೂಲ್ ಕಂಪನಿ 'ನೋವಾ' ಚಕ್ಕು ತಂದಿತು. ಎರಡು ಸರಳು ತೂರಿಸಿ ಎರಡೂ ಕೈಯಲ್ಲಿ ತಿರುಗಿಸಿ ಬಿಗಿಯಬೇಕಿತ್ತು. ಮರ ಹಿಡಿಯಲು ಮೂರನೇ ಕೈ ಬೇಕು. ಆಮೇಲೆ ಒಂದೇ ಕೈಯಲ್ಲಿ ತಿರುಗಿಸುವ ಕೀಲಿ ಬಂತು. ಇದು ನಿಜವಾದ ಸುಧಾರಣೆ, ಇದಕ್ಕೆ ನಾನು ಕೈಮುಗಿಯುತ್ತೇನೆ. ಆಸ್ಟ್ರೇಲಿಯಾದ ವಿಕ್‌ಮಾರ್ಕ್, ಕೆನಡಾದ ಒನ್‌ವೇ ಕೂಡ ಈ ಸಾಲಿನವೇ. ಇನ್ನೊಂದು ಜಾಣತನವೂ ಈ ಕಾಲದ್ದೇ: ಥ್ರೆಡ್ಡನ್ನು ಚಕ್ಕಿನ ಬೆನ್ನಿಗೆ ಕೊರೆಯದೆ ಒಂದು ಬಿಡಿ ಉಂಗುರದಲ್ಲಿ ಕೊರೆದು, ಆ ಉಂಗುರವನ್ನು ಬೆನ್ನಿಗೆ ಕೂರಿಸುವುದು. ಲೇತು ಬದಲಾದರೆ ಉಂಗುರ ಬದಲಿಸಿದರೆ ಸಾಕು. ಇದಕ್ಕೆ ಇನ್ಸರ್ಟ್ ಅನ್ನುತ್ತಾರೆ.

ಅಪ್ಪ ಕೇಳಿದ್ದರೆ ನಕ್ಕಿರುತ್ತಿದ್ದ. ಕಬ್ಬಿಣದ ಲೇತಿನಲ್ಲಿ ಇದು ತಾತನ ಕಾಲದ ವಿದ್ಯೆ. ಚಕ್ಕಿನ ಬೆನ್ನಿಗೆ ಥ್ರೆಡ್ಡೇ ಇರುವುದಿಲ್ಲ, ಚಪ್ಪಟೆ. ಎರಕದ ಬ್ಯಾಕ್‌ಪ್ಲೇಟು ತಂದು, ನಿನ್ನ ಲೇತಿನ ಮೂತಿಗೆ ತಕ್ಕ ಥ್ರೆಡ್ಡನ್ನು ನಿನ್ನ ಲೇತಿನಲ್ಲೇ ಕೊರೆದುಕೊಂಡು, ಅದಕ್ಕೆ ಚಕ್ಕನ್ನು ಬೋಲ್ಟಿನಿಂದ ಬಿಗಿದುಕೊಳ್ಳುವುದು. ಚಕ್ಕು ಯಾರದಾದರೂ ಇರಲಿ, ಬಾಂಧವ್ಯದ ತಟ್ಟೆ ನಿನ್ನ ಕೈಯಲ್ಲಿ. ಬ್ಯಾಕ್‌ಪ್ಲೇಟನ್ನು ಯಾರೂ ಹಳೇ ಮಾಡೆಲ್ಲು ಅನ್ನುವುದಿಲ್ಲ.

2017ರಲ್ಲಿ, ನಿವೃತ್ತಿಯಾಗಿ ಮೂರು ವರ್ಷಕ್ಕೆ, ದೊಡ್ಡ ಮರದ ಲೇತು ಕೊಂಡೆ. ಮೂತಿ ಎಂ33, ಸುತ್ತಿನಿಂದ ಸುತ್ತಿಗೆ 3.5 ಮಿಲಿಮೀಟರ್. ಮೆಟ್ರಿಕ್ಕು. ಹಳೇ ಚಕ್ಕು ಇಂಚಿನದು. ನಡುವೆ ಅಡಾಪ್ಟರ್ ಹಾಕಿದೆ. ಅಡಾಪ್ಟರ್ ಎಂದರೆ ಮೀರಜ್ ಸ್ಟೇಷನ್ನು: ಸಾಮಾನೆಲ್ಲ ದಾಟಿಸುತ್ತದೆ, ಆದರೆ ಪ್ರತಿ ಸಲ ಸ್ವಲ್ಪ ಸುಸ್ತು. ಒಂದೂವರೆ ಇಂಚು ಚಕ್ಕು ಮುಂದಕ್ಕೆ ಹೋಯಿತು; ಆ ಒಂದೂವರೆ ಇಂಚಿಗೆ ದೊಡ್ಡ ಬಟ್ಟಲು ನಡುಗತೊಡಗಿ, ಉಳಿಯ ಗೆರೆಗಳೆಲ್ಲ ಮಳೆ ಬಿದ್ದ ಕೆರೆಯ ಹಾಗೆ.

ಎರಡು ವರ್ಷ ನಡುಗಿಸಿ ಸಾಕಾಗಿ ಹಳೇ ಚಕ್ಕಿನ ಕಂಪನಿಯದೇ ಹೊಸ ಚಕ್ಕು ತರಿಸಲು ಹೊರಟೆ. ನನ್ನ ಹತ್ತಿರ ಹಳೆಯದರ ನಾಲ್ಕು ಜೊತೆ ದವಡೆಗಳಿದ್ದವು: ಸಣ್ಣ ಮೂತಿಯದು, ಬಟ್ಟಲಿನ ತಳಕ್ಕೆ ಹಿಗ್ಗಿ ಹಿಡಿಯುವುದು, ಉದ್ದನೆಯದು, ಅಗಲ ತಟ್ಟೆಯದು. ಚಕ್ಕಿಗಿಂತ ಹೆಚ್ಚು ದುಡ್ಡು ಇವುಗಳಿಗೇ ಹೋಗಿತ್ತು. ಫೋನಿನಲ್ಲಿ ಕೇಳಿದೆ, "ಹಳೇ ಜಾ ಹೊಸದಕ್ಕೆ ಕೂರುತ್ತಾ?" ಅಂಗಡಿಯವರು, "ಹೋ ಹೋ, ಬಸ್ತಾತ್ ಕಾಕಾ", ಕೂರುತ್ತವೆ, ಅಂದರು. ಡಬ್ಬಿ ಬಂತು. ಬಿಚ್ಚಿ ನೋಡಿದರೆ ದವಡೆ ಬಿಗಿಯಲು ಸ್ಕ್ರೂಗಳೇ ಇಲ್ಲ. ಹೊಸ ಮಾಡೆಲ್ಲಿನಲ್ಲಿ ದವಡೆ ಜಾರಿ ಬಂದು ಕಟಕ್ಕನೆ ಕೂರುತ್ತದೆ. ಎಂಟು ಸ್ಕ್ರೂ ಬಿಚ್ಚುವ ಕೆಲಸ ತಪ್ಪಿತು, ಒಪ್ಪಿದೆ. ನನ್ನ ಹದಿನಾರು ದವಡೆಗಳಿಗೆ ಮಾತ್ರ ಮನೆಯಿಲ್ಲವಾಯಿತು. ಮತ್ತೆ ಫೋನು ಮಾಡಿದರೆ "ಅಪ್‌ಗ್ರೇಡ್ ಅಲ್ವಾ ಕಾಕಾ, ಹೊಸ ಜಾ ತಗೊಳ್ಳಿ." ಇನ್ನೊಂದು ತಮಾಷೆ: ಡಬ್ಬಿಯಲ್ಲಿದ್ದ ಇನ್ಸರ್ಟು ಒಂದೂಕಾಲು ಇಂಚಿನದು. ಎಂ33ರದು ಸ್ಟಾಕಿಲ್ಲ, ಯಾವಾಗ ಬರುತ್ತದೋ ಗೊತ್ತಿಲ್ಲ.

ಕೋಪ ಇಳಿದ ಮೇಲೆ ಲೆಕ್ಕ ಹಾಕಿದೆ. ಹದಿಮೂರು ವರ್ಷದಲ್ಲಿ ಹಳೇ ಚಕ್ಕಿನಲ್ಲಿ ಸವೆದದ್ದು ಏನು? ಸುರುಳಿ ಹಾಗೇ ಇದೆ, ದವಡೆ ಹಾಗೇ ಇವೆ. ನಾನು ಬದಲಿಸಿದ್ದೆಲ್ಲ ಸವೆಯದೇ ಇದ್ದದ್ದನ್ನು. ಚನ್ನಪಟ್ಟಣದ ಬಟ್ಟಲು ಸವೆಯುತ್ತಿತ್ತು, ಅವರು ಏನನ್ನೂ ಬಿಸಾಡುತ್ತಿರಲಿಲ್ಲ. ಯಾರಾದರೂ ಚಕ್ಕು ಕೊಳ್ಳುವ ಮುಂಚೆ ನನ್ನನ್ನು ಕೇಳಿದರೆ, ದವಡೆ ಎಷ್ಟು ಇಂಚು ತೆರೆಯುತ್ತದೆ ಎಂಬುದನ್ನು ಆಮೇಲೆ ನೋಡು, ಮೊದಲು ಬೆನ್ನು ತಿರುಗಿಸಿ ನೋಡು ಅನ್ನುತ್ತೇನೆ. ಥ್ರೆಡ್ಡು ಮೈಯಲ್ಲಿದೆಯೋ ಉಂಗುರದಲ್ಲಿದೆಯೋ. ಉಂಗುರವಾದರೆ ನಿನ್ನ ಮೂತಿಯ ಉಂಗುರ ಇಂದೇ ಕೈಗೆ ಸಿಗುತ್ತದೋ. ದವಡೆಯ ಸ್ಕ್ರೂ ತೂತುಗಳು ಆ ಕಂಪನಿಯ ಹಿಂದಿನ ಚಕ್ಕಿನದಕ್ಕೆ ಹೊಂದುತ್ತವೋ, ಕಣ್ಣಾರೆ ಇಟ್ಟು ನೋಡು; ಫೋನಿನಲ್ಲಿ ಎಲ್ಲವೂ ಕೂರುತ್ತದೆ.

ಉಂಗುರಕ್ಕಾಗಿ ಕುದಳವಾಡಿಗೆ ಹೋದೆ. ಚಿಖಲಿಯ ಪಕ್ಕ, ದೇಹೂ ರೋಡಿನಿಂದ ದೂರವೇನಲ್ಲ. ಪಿಂಪ್ರಿ ಚಿಂಚವಡದ ಕಾರ್ಖಾನೆಗಳು ಬಿಸಾಡಿದ್ದೆಲ್ಲ ಬಂದು ಬೀಳುತ್ತಿದ್ದ ಗುಜರಿ ಪೇಟೆ, ನಡುನಡುವೆ ತಗಡಿನ ಶೆಡ್ಡಿನ ವರ್ಕ್‌ಶಾಪುಗಳು. ಪರಿಚಯದವರ ಶೆಡ್ಡಿನ ಮೂಲೆಯಲ್ಲಿ ಎಣ್ಣೆ ಜಿಡ್ಡಿನ ಲೇತೊಂದು ನಿಂತಿತ್ತು. ಹತ್ತಿರ ಹೋದಾಗ ಎರಕದ ಅಕ್ಷರ ಕಂಡಿತು. ಕಿರ್ಲೋಸ್ಕರ್, ಹರಿಹರ. ಬೆಡ್ಡಿನ ಕೊನೆಯಲ್ಲಿ, ಕ್ಯಾರೇಜು ಅಷ್ಟಾಗಿ ಓಡಾಡದ ಕಡೆ, ಸ್ಕ್ರೇಪರಿನ ಗುರುತು ಇನ್ನೂ ಅರ್ಧಚಂದ್ರದ ಹಾಗೆ ಕಾಣುತ್ತಿತ್ತು. ಅಪ್ಪನದೇ ಎಂದು ಹೇಳಲು ಯಾವ ಆಧಾರವೂ ಇಲ್ಲ. ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ನಿಂತೆ. ಆ ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲೇ ಬಾಗಿಲು ಹಾಕಿತ್ತು.

ಲೇತಿನ ಲೀಡ್‌ಸ್ಕ್ರೂ, ಅಂದರೆ ಉಳಿಯನ್ನು ಸಾಗಿಸುವ ಉದ್ದನೆಯ ತಿರುಪು, ಇಂಚಿನದು, ಇಂಚಿಗೆ 4 ಸುತ್ತು. ಅದರಲ್ಲಿ ಇಂಚಿಗೆ 8 ಕೊರೆಯುವುದು ಮಕ್ಕಳ ಆಟ. ನಾಲ್ಕರ ಮಗ್ಗಿಯಲ್ಲಿ ಎಂಟು ಬರುವುದರಿಂದ ಆ ತಿರುಪನ್ನು ಹಿಡಿಯುವ ಹಾಫ್‌ನಟ್ ಎಲ್ಲಿ ಬೇಕಾದರೂ ಕಚ್ಚಿಸಬಹುದು, ಉಳಿ ಹಳೇ ಗೆರೆಗೇ ಬಂದು ಬೀಳುತ್ತದೆ. 3.5 ಮಿಲಿಮೀಟರು ಈ ಮಗ್ಗಿಗೆ ಸಿಗುವುದಿಲ್ಲ. ನಮ್ಮ ದೇಶ 1956ರಲ್ಲಿ ಕಾಯಿದೆ ಮಾಡಿ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕ ಅಳತೆ ಶುರುಮಾಡಿದಾಗ ಹರಿಹರದಲ್ಲಿ ಎಷ್ಟು ಗೊಣಗಾಟ ನಡೆದಿತ್ತೆಂದು ಅಪ್ಪ ಹೇಳುತ್ತಿದ್ದ. ಅದಕ್ಕೂ ಒಂದೂವರೆ ವರ್ಷ ಮುಂಚೆ ನಯಾ ಪೈಸೆ ಬಂದು, ಒಂದಾಣೆಗೆ ಆರೂಕಾಲು ಪೈಸೆಯಾಗಿ, ಆ ಕಾಲು ಪೈಸೆ ಯಾರ ಜೇಬಿಗೆ ಎಂದು ಸಂತೆಯಲ್ಲಿ ಜಗಳವಾದ ಹಾಗೆ. ಶಾಪಿನಲ್ಲಿ ಆ ಕಾಲು ಪೈಸೆಯ ಜಗಳ ತೀರಿಸುವ ಒಂದೇ ಒಂದು ಚಕ್ರವಿದೆ: 127 ಹಲ್ಲಿನದು. ಇಂಚೆಂದರೆ 25.4 ಮಿಲಿಮೀಟರು, ಐದು ಇಂಚು ಸರಿಯಾಗಿ 127. ಆ ಚಕ್ರವನ್ನು ಗಿಯರು ಸಾಲಿಗೆ ಸೇರಿಸಿದರೆ ಇಂಚಿನ ಲೇತು ಮೆಟ್ರಿಕ್ ಮಾತಾಡುತ್ತದೆ. ಷರತ್ತು ಒಂದೇ: ಶುರುವಿನಿಂದ ಮುಗಿಯುವವರೆಗೆ ಹಾಫ್‌ನಟ್ ಬಿಡಿಸುವಂತಿಲ್ಲ. ಪ್ರತಿ ಸಲ ಮೋಟಾರು ಉಲ್ಟಾ ತಿರುಗಿಸಿಯೇ ವಾಪಸು ಬರಬೇಕು. ಕಡಗೋಲಿನ ಹಾಗೆ, ಒಮ್ಮೆ ಅತ್ತ, ಒಮ್ಮೆ ಇತ್ತ.

ಶೆಡ್ಡಿನವರು ಬೆಂಚಿನಡಿಯ ಗೋಣಿಚೀಲದಿಂದ 127 ತೆಗೆದುಕೊಟ್ಟರು. ಡಬ್ಬಿಯಲ್ಲಿ ಬಂದಿದ್ದ ಉಂಗುರವನ್ನು ಮಾದರಿಗಿಟ್ಟುಕೊಂಡು ಹೊರಮೈಗೆ ಇಂಚಿನ ಥ್ರೆಡ್ಡು, ಒಳಮೈಗೆ ಎಂ33. ಹೊರಗೆ ಇಂಗ್ಲೆಂಡು, ಒಳಗೆ ಫ್ರಾನ್ಸು, ಕೊರೆದದ್ದು ಹರಿಹರದ ಯಂತ್ರ. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದ್ದು ಮೂರು ಗಂಟೆಗೆ ಮುಗಿಯಿತು. ಸಂಜೆ ಮನೆಯಲ್ಲಿ ಲೇತಿಗೆ ಹಾಕಿ ತಿರುಗಿಸಿದಾಗ ಚಕ್ಕು ನಿಂತ ಹಾಗೇ ಕಂಡಿತು. ಹುರುಪಿನಲ್ಲಿ ಹಳೇ ಚಕ್ಕಿಗೂ ದಾರಿ ಹುಡುಕಿದೆ: ಅದರ ಬೆನ್ನಿನ ಒಂದು ಇಂಚನ್ನು ಕೊರೆದು ದೊಡ್ಡದು ಮಾಡಿ, ಎಂ33 ನೇರವಾಗಿ ಕೊರೆಸಿದೆ. ಬೆನ್ನಿನಲ್ಲಿ ಅಷ್ಟು ಕಬ್ಬಿಣ ಇತ್ತು, ಪುಣ್ಯ. ಹದಿನಾರು ದವಡೆಗಳು ಅವವುಗಳ ಮನೆಗೆ ಮರಳಿದವು. ದೀಪಾವಳಿಗೆ ನಾನು ತೊಳೆಯುತ್ತಿದ್ದದ್ದು ಆ ಹಳೆಯದನ್ನೇ.

2025ರ ಫೆಬ್ರವರಿಯಲ್ಲಿ ಕುದಳವಾಡಿಯ ಶೆಡ್ಡುಗಳು ಸಾಲುಸಾಲಾಗಿ ನೆಲಸಮವಾದವು. ಪರಿಚಯದವರು ಮುಂಚಿನ ದಿನ ಫೋನು ಮಾಡಿದ್ದರು. ಹೋಗುವಷ್ಟರಲ್ಲಿ ಹರಿಹರದ ಲೇತು ಕಿಲೋ ಲೆಕ್ಕದಲ್ಲಿ ಟೆಂಪೋ ಹತ್ತಿತ್ತು. ಎಲ್ಲಿಗೆ ಎಂದರೆ ಅವರಿಗೂ ಗೊತ್ತಿರಲಿಲ್ಲ. ಗೋಣಿಚೀಲ ಮಾತ್ರ ಉಳಿದಿತ್ತು. "ಕಾಕಾ, ನಿಮ್ಮದು ತಗೊಳ್ಳಿ" ಎಂದು 127 ಹಲ್ಲಿನ ಚಕ್ರ ತೆಗೆದು ಕೊಟ್ಟರು. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ನಡುವೆ ತೂತು, ಒಳ್ಳೆ ಭಾರ. ಲೋಕಲ್ಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದನ್ನು ಹಾಕುವ ಲೇತು ನನ್ನ ಹತ್ತಿರ ಇಲ್ಲ. ಶೆಡ್ಡಿನ ಕಿಟಕಿಯಲ್ಲಿ ಇಟ್ಟಿದ್ದೆ. ಮೊನ್ನೆ ನೋಡಿದರೆ ಅಡುಗೆಮನೆ ಕಟ್ಟೆಯ ಮೇಲಿದೆ, ಮೇಲೆ ಬಿಸಿ ಸಾರಿನ ಪಾತ್ರೆ.

"ಅಲ್ಲಾಡಲ್ಲ ನೋಡ್ರೀ, ಬಹಳ ಛಲೋ ಐತಿ" ಅಂದಳು.